ಮಾಕುಟ್ಟದ ಎಡ ತಿರುವು

ಚೋಂದಮ್ಮನವರ ಎಂ.ಜಿ. ಬಂದದ್ದು ಶುಕ್ರವಾರ,
ನಾನು ಜುಮ್ಮಾಕ್ಕೆಂದು ಕೈ ತೊಳೆಯುತ್ತಿದ್ದಾಗ.
ಗೋಣಿಕೊಪ್ಪದ ಸಂತೆಬೀದಿ ತಿರುಗುವಾಗಲೇ ಕಂಡೆ:
ಗಾಡಿ ಇರುವುದು ಸೊಂಟದೆತ್ತರ,
ವಾಲುವುದು ಮಾತ್ರ ಹುಲ್ಲು ಹೇರಿದ ಲಾರಿಯಷ್ಟು.

"ಹಿಂದಕ್ಕೊಂದು ಬಾರ್ ಹಾಕು, ಅಂದುಮಾಯಿ" ಎಂದರು
ಬಾಗಿಲು ತೆರೆಯುವ ಮೊದಲೇ.
"ಎಪ್ಪತ್ತೆರಡಾಯಿತು. ಗಾಡಿಯ ಜೊತೆ ನಾನೂ ವಾಲಿದರೆ
ನೆಟ್ಟಗೆ ಕೂರಿಸುವವರು ಯಾರು?"
ಅವರು ನಗಲಿಲ್ಲ. ಹಾಗಾಗಿ ನಾನೂ ನಗಲಿಲ್ಲ.

ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಅದು.
ಹುಣಸೂರಿನ ಗುಜರಿಯಲ್ಲಿ ಸತ್ತು ಬಿದ್ದಿದ್ದ ಫಿಯಟ್ ಟ್ಯಾಕ್ಸಿಯ
ಹಿಂದಿನಿಂದ ಬಿಚ್ಚಿ ತಂದೆ ಸಲಾಕೆ:
ಕಿರುಬೆರಳ ದಪ್ಪ, ಎರಡು ಕೊನೆಯೂ ಮೊಣಕೈಯಂತೆ ಮಡಿಚಿದ್ದು.
ತುಕ್ಕು ಉಜ್ಜಿದರೆ ಒಳಗಿನ ಉಕ್ಕಿಗೆ
ಇನ್ನೂ ಸಿಟ್ಟು ಇಳಿದಿರಲಿಲ್ಲ.

"ಇದೇನು ಮಾಡುತ್ತೆ, ಇಕ್ಕಾ?" ಶಿಜು ಕೇಳಿದ.
ಕಾಫಿ ಮೂಟೆಯ ಆ ಕಿವಿ ನಿನ್ನ ಕೈಲಿ,
ಈ ಕಿವಿ ನನ್ನ ಕೈಲಿ ಅಂದುಕೋ.
ನಾನು ಕುಗ್ಗಿದರೆ ನಿನ್ನ ಭುಜಕ್ಕೆ ಗೊತ್ತಾಗಬೇಕು.
ಒಂದು ಚಕ್ರದ ಸುದ್ದಿಯನ್ನು ಇನ್ನೊಂದಕ್ಕೆ
ಚಾಡಿ ಹೇಳುವ ಕಬ್ಬಿಣ ಇದು, ಅಷ್ಟೇ.

"ಹಾಗಾದರೆ ಇನ್ನೂ ದಪ್ಪದ್ದು ಹಾಕೋಣ."
ಬೇಡ ಮಾರಾಯ. ಬಿಗಿ ಹೆಚ್ಚಾದರೆ ಒಳಚಕ್ರ ನೆಲ ಬಿಡುತ್ತೆ,
ಬಾಲ ಜಾರಿ, ಮೂತಿ ಬಂದ ದಾರಿಯನ್ನೇ ನೋಡುತ್ತೆ.

ಮಿಲಿಮೀಟರಿನ ಸ್ಪ್ಯಾನರೆಲ್ಲ ಜಾರಿದವು ಬಿಳಿಯರ ಬೋಲ್ಟಿನ ಮೇಲೆ;
ಉಪ್ಪನ ಡಬ್ಬಿಯ ತಳದಿಂದ ಇಂಚಿನದು ಹುಡುಕಿದೆ.
ಲೀಫ್ ಪಟ್ಟಿಯ ತಟ್ಟೆಗೆ ಹಿಡಿಕೆ, ಚಾಸಿಗೆ ಕಿವಿ,
ನಡುವೆ ಎರಡು ಕೊಂಡಿ.
ರಬ್ಬರ್ ಬುಷ್‌ಗೆ ಸೋಪಿನ ನೀರು;
ಎಣ್ಣೆ ತಾಗಿದರೆ ಊದಿಕೊಂಡು ಸಾಯುತ್ತದೆ.
ಸೈಲೆನ್ಸರಿನ ಪಕ್ಕ ಎರಡು ಬೆರಳಿನ ಜಾಗಕ್ಕಾಗಿ
ಇಡೀ ಒಂದು ಮಧ್ಯಾಹ್ನ ಹೋಯಿತು.
ಅದನ್ನು ಬಿಲ್ಲಿನಲ್ಲಿ ಬರೆಯಲಾಗುವುದಿಲ್ಲ.

ಕೊನೆಯ ಬಿಗಿ ಜ್ಯಾಕಿನ ಮೇಲಲ್ಲ.
ಗಾಡಿ ನೆಲಕ್ಕಿಳಿದು ತನ್ನ ಭಾರ ತಾನು ಹೊತ್ತಮೇಲೆ
ಅಡಿಗೆ ನುಸುಳಿ, ಕಾಲು ಸುತ್ತು.
ಇದೊಂದನ್ನು ಉಪ್ಪ ಹೊಡೆದು ಕಲಿಸಿದ್ದು.

ಭಾನುವಾರ ಒಬ್ಬರೇ ಹೋದರು,
ಪೆರುಂಬಾಡಿ ದಾಟಿ, ಘಾಟಿ ಇಳಿದು,
ಎಡ ಸೀಟಿನ ತುಂಬ ತೋಟದ ಕಿತ್ತಳೆ.
ಮಂಗಳವಾರ ಬಂದು ಬಾನೆಟ್ಟಿಗೆ ಒರಗಿ ನಿಂತರು.
"ರೈಲಿಲ್ಲದ ಕೊಡಗಿನಲ್ಲಿ ರೈಲಿನ ಹಾಗೆ ಹೋಯಿತು ಮಾರಾಯ.
ಒಂದು ಹಣ್ಣೂ ಉರುಳಲಿಲ್ಲ."

ಒಳ್ಳೆಯದೇ ಅಲ್ಲವಾ, ಅಕ್ಕಯ್ಯ?

ಸ್ವೆಟರಿನ ಅಂಚಲ್ಲಿ ಕನ್ನಡಕ ಒರೆಸಿದರು. ಮತ್ತೂ ಒರೆಸಿದರು.
"ಆನೆ ದಾಟುವ ಮೋರಿಯ ಹತ್ತಿರ ಒಂದು ಎಡ ತಿರುವಿದೆ.
ರ‍್ಯಾಲಿಗೆ ಹೋಗುವಾಗ ಮುತ್ತವ್ವ ಮ್ಯಾಪು ಹಿಡಿದು ಪಕ್ಕದಲ್ಲಿರೋಳು.
ಅಲ್ಲಿಗೆ ಬಂದರೆ ಗಾಡಿ ವಾಲಿ
ಅವಳ ಭುಜ ಬಂದು ನನ್ನ ಭುಜಕ್ಕೆ ಬಡಿಯೋದು.
ಪ್ರತಿ ಸಲ 'ಸಾರಿ' ಅನ್ನೋಳು.
ಏಳು ವರ್ಷ, ಪ್ರತಿ ಸಲ."

ಒಂದು ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟರು.
ಹುಳಿಯಿತ್ತು.

ಬಾರ್ ಬಿಚ್ಚಲಿಲ್ಲ ನಾನು. ಬಿಚ್ಚು ಎಂದು ಅವರೂ ಹೇಳಲಿಲ್ಲ.
ಅಡಿಗೆ ಮಲಗಿ ಎಡಗಡೆಯ ನಟ್ಟೊಂದನ್ನು ತೆಗೆದು
ಕೊಂಡಿಯನ್ನು ತಂತಿಯಲ್ಲಿ ಮೇಲಕ್ಕೆ ಕಟ್ಟಿದೆ.
ಒಂದು ಕೊನೆ ಬಿಟ್ಟರೆ ಸಾಕು,
ಅಷ್ಟೂ ಉಕ್ಕು ಅಲ್ಲೇ ಇದ್ದು ಬರೀ ತೂಕ.
ಮೂಟೆಯ ಒಂದೇ ಕಿವಿ ಹಿಡಿದು ನಿಂತವನ ಹಾಗೆ.

ನಟ್ಟನ್ನು ಅವರ ಅಂಗೈಗೆ ಹಾಕಿದೆ.
"ಮಳೆಗೆ ಮೊದಲು ತನ್ನಿ. ಐದು ನಿಮಿಷದ ಕೆಲಸ."
ಬಳೆಯನ್ನೋ ಏನೋ ನೋಡುವಂತೆ ನೋಡಿ
ಸ್ವೆಟರಿನ ಜೇಬಿಗೆ ಹಾಕಿಕೊಂಡರು.

ಸಂತೆಬೀದಿಯ ಮೂಲೆಯಲ್ಲಿ ಶಿಜು ಕೂಗಿದ:
"ಇಕ್ಕಾ, ಮತ್ತೆ ವಾಲುತ್ತಿದೆ!"
ನೋಡಿದೆ. ಕೈ ತೊಳೆಯಲು ಒಳಗೆ ಹೋದೆ.